ಎಡಕಲ್ಲನ್ನು ಹುಡುಕಿದಾಗ

ನಮ್ಮ ಶಾಲೆಯ ಎಂಟನೆಯ ತರಗತಿಯ ಬಾಲಿಕೆಯೊಬ್ಬಳು ಕಳೆದ ಬೇಸಗೆಯ ರಜೆಯಲ್ಲಿ ಎಡಕಲ್ಲಿನ ಗುಹೆಯನ್ನು ಕುರಿತು ಕನ್ನಡದಲ್ಲಿ ಪ್ರಬಂಧವೊಂದನ್ನು ಬರೆಯಲು ಉದ್ಯುಕ್ತಳಾದಳು. ಗುಹೆಯನ್ನು ಅವಳು ಕಣ್ಣಾರೆ ಕಂಡವಳೇ. ಸುಲ್ತಾನ್ ಬತ್ತೇರಿಯಿಂದ ಅಂಬಲವಯಲಿನ ಕಡೆಗೆ ಹೋಗಿ, ಅಂಬುಕುತ್ತಿ ಬೆಟ್ಟವನ್ನೇರಿ, ಎರಡು ಹೆಬ್ಬಂಡೆಗಳ ನಡುವಣ ಬಿರುಕಿನಲ್ಲಿ ಸಿಕ್ಕಿಕೊಂಡಿರುವ ಆ ಮಹಾಶಿಲೆಯ ಕೆಳಗೆ ನಿಂತು, ಗೋಡೆಯ ಮೇಲೆ ಕೊರೆದಿರುವ ಮನುಷ್ಯಾಕೃತಿಗಳನ್ನು ನೋಡಿ ಬಂದಿದ್ದಳು. ಆದರೆ ಪ್ರಬಂಧಕ್ಕೆ ಕಂಡದ್ದು ಮಾತ್ರವೇ ಸಾಲದಷ್ಟೆ. ಅದನ್ನು ಹೊರಗಿನ ಲೋಕಕ್ಕೆ ತಿಳಿಯಪಡಿಸಿದವರಾರು, ವಿದ್ವಾಂಸರು ಅದರ ವಿಷಯವಾಗಿ ಏನು ಹೇಳಿದ್ದಾರೆ ಎಂಬುದೂ ಬೇಕು. ಆದಕಾರಣ ತಂದೆಯ ಮೊಬೈಲನ್ನು ಕೈಗೆತ್ತಿಕೊಂಡು, ‘ಎಡಕಲ್ಲು ಗುಡ್ಡ’ ಎಂದು ಕನ್ನಡದಲ್ಲಿಯೇ ಬರೆದು ಹುಡುಕಿದಳು. ಬಂದುದೇನು? ಹಾಡುಗಳು! 1973ರಲ್ಲಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ‘ಎಡಕಲ್ಲು ಗುಡ್ಡದ ಮೇಲೆ’ ಎಂಬ ಚಲಚ್ಚಿತ್ರದ ಹಾಡುಗಳು, ಅದರ ನಟನಟಿಯರ ಭಾವಚಿತ್ರಗಳು, ಅದಕ್ಕೆ ಮೂಲವಾದ ಭಾರತೀಸುತರ ಕಾದಂಬರಿಯ ಪ್ರಸ್ತಾಪ. ಗುಹೆಯಾದರೋ ಎಲ್ಲಿಯೋ ಕೆಳಗೆ, ಬೆರಳು ನೋಯುವಷ್ಟು ಸರಿಸಿದ ಮೇಲೆ, ಪ್ರವಾಸದ ಏಜೆಂಟರ ಜಾಹೀರಾತುಗಳ ನಡುವೆ ಎರಡು ಸಾಲಾಗಿ ಕಾಣಿಸಿಕೊಂಡಿತು.

“ಗುಹೆ ಇರುವುದು ನಮ್ಮ ವಯನಾಡಿನಲ್ಲಿ. ಸಾವಿರಾರು ವರ್ಷಗಳಿಂದ ಅಲ್ಲಿಯೇ ಇದೆ. ನಿನ್ನೆ ಮೊನ್ನೆಯ ಸಿನಿಮಾ ಅದಕ್ಕಿಂತ ಮೇಲೆ ಬರುವುದೇಕೆ?” ಎಂದು ಅವಳು ನನ್ನನ್ನು ಕೇಳಿದಳು. ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಹೇಳುವುದೇ ಈ ಲೇಖನದ ಉದ್ದೇಶ. ಉತ್ತರವು ಮಕ್ಕಳಿಗೆ ಎಷ್ಟು ಬೇಕೋ ಹಿರಿಯರಿಗೂ ಅಷ್ಟೇ ಬೇಕು; ಏಕೆಂದರೆ ಇಂದು ನಮ್ಮಲ್ಲಿ ಅನೇಕರು ಕಾಫಿಯನ್ನೂ ಮೆಣಸನ್ನೂ ಗಂಧಕಸಾಲೆಯ ಅಕ್ಕಿಯನ್ನೂ ಮಾರಲು, ತೋಟದ ಮನೆಗೆ ಅತಿಥಿಗಳನ್ನು ಬರಮಾಡಿಕೊಳ್ಳಲು ಇದೇ ಹುಡುಕಾಟವನ್ನು ನಂಬಿದ್ದಾರೆ. ಪಟ್ಟಿಯ ಮೊದಲಲ್ಲಿ ಇದ್ದವನ ಮನೆಗೆ ಗಿರಾಕಿ ಬರುತ್ತಾನೆ; ಮೂರನೆಯ ಪುಟದಲ್ಲಿ ಇದ್ದವನ ಬಾಗಿಲನ್ನು ಯಾರೂ ತಟ್ಟುವುದಿಲ್ಲ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಹೋಗಲಾಡಿಸಬೇಕು. ನಾವು ಒಂದು ಪದವನ್ನು ಬರೆದು ಗುಂಡಿಯನ್ನೊತ್ತಿದ ಕ್ಷಣವೇ ಯಂತ್ರವು ಲೋಕವನ್ನೆಲ್ಲ ಸುತ್ತಿ ಬರುತ್ತದೆಂದು ಹಲವರು ಎಣಿಸುತ್ತಾರೆ. ಹಾಗೇನೂ ಇಲ್ಲ. ಸುತ್ತುವ ಕೆಲಸವು ಬಹಳ ಮೊದಲೇ ಆಗಿರುತ್ತದೆ. ಗೂಗಲ್, ಬಿಂಗ್ ಮೊದಲಾದ ಶೋಧಕ ಯಂತ್ರಗಳು ಹಗಲಿರುಳೂ ಜಾಲತಾಣಗಳ ಪುಟಗಳನ್ನು ಓದಿಕೊಳ್ಳುತ್ತಿರುತ್ತವೆ. ಹೀಗೆ ಓದುವ ಕಾರ್ಯಕ್ರಮಕ್ಕೆ ಕ್ರಾಲರ್, ಎಂದರೆ ತೆವಳುವುದು, ಎಂದು ಹೆಸರು. ಇರುವೆಯು ಸಾಲು ಹಿಡಿದು ಹೋಗುವಂತೆ ಅದು ಒಂದು ಪುಟದಲ್ಲಿರುವ ಕೊಂಡಿಯನ್ನು ಹಿಡಿದು ಇನ್ನೊಂದು ಪುಟಕ್ಕೂ, ಅಲ್ಲಿಂದ ಮತ್ತೊಂದಕ್ಕೂ ಸಾಗುತ್ತದೆ. ಯಾವ ಕೊಂಡಿಯೂ ತೋರಿಸದ ಪುಟವು ದಾರಿಯಿಲ್ಲದ ಕಾಡಿನೊಳಗಿನ ಬಸದಿಯಂತೆ. ಎಷ್ಟು ಸುಂದರವಾಗಿದ್ದರೂ ಯಾತ್ರಿಕನು ಅಲ್ಲಿಗೆ ತಲಪಲಾರ. ತಾಣದ ಒಡೆಯನು ತನ್ನ ಪುಟಗಳ ಪಟ್ಟಿಯನ್ನು ಸೈಟ್‌ಮ್ಯಾಪ್ ಎಂಬ ರೂಪದಲ್ಲಿ ತಾನೇ ಒಪ್ಪಿಸಬಹುದು. ಈ ಏರ್ಪಾಡು 2005ರಲ್ಲಿ ಬಂದಿತು. ಇದಕ್ಕೆ ಹಣವಿಲ್ಲ.

ಓದಿದ್ದನ್ನು ಯಂತ್ರವು ಅನುಕ್ರಮಣಿಕೆಯಾಗಿ ಬರೆದಿಟ್ಟುಕೊಳ್ಳುತ್ತದೆ. ದೊಡ್ಡ ಗ್ರಂಥಗಳ ಕೊನೆಯಲ್ಲಿ ಶಬ್ದಸೂಚಿ ಇರುತ್ತದಲ್ಲವೆ? ‘ಕದಂಬರು: ಪುಟ 14, 62, 118’ ಎಂಬಂತೆ. ಇದೂ ಅಂತಹುದೇ, ಆದರೆ ಪುಸ್ತಕವೊಂದಕ್ಕಲ್ಲ, ಕೋಟ್ಯಂತರ ಪುಟಗಳಿಗೆ. ನಾವು ಹುಡುಕಿದಾಗ ಯಂತ್ರವು ಈ ಸೂಚಿಯನ್ನು ಮಾತ್ರ ತೆರೆಯುತ್ತದೆ. ಗ್ರಂಥಾಲಯ ಶಾಸ್ತ್ರದ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್‌ರವರು 1931ರಷ್ಟು ಹಿಂದೆಯೇ ಓದುಗನ ಕಾಲವನ್ನು ಉಳಿಸುವುದನ್ನು ಗ್ರಂಥಾಲಯದ ನಿಯಮಗಳಲ್ಲಿ ಒಂದನ್ನಾಗಿ ಎಣಿಸಿದ್ದರು. ತಮ್ಮ ಕೊನೆಯ ವರ್ಷಗಳನ್ನು ಅವರು ಬೆಂಗಳೂರಿನಲ್ಲಿಯೇ ಕಳೆದರು. ಇಂದಿನ ಯಂತ್ರವು ಮಾಡುತ್ತಿರುವುದೂ ಆ ಕೆಲಸವನ್ನೇ. ಗ್ರಂಥಪಾಲಕನ ಸ್ಥಾನದಲ್ಲಿ ಗಣಿತವು ಕುಳಿತಿದೆ, ಅಷ್ಟೇ ವ್ಯತ್ಯಾಸ.

ಸೂಚಿಯಲ್ಲಿ ಪದವು ಸಿಕ್ಕಿತೆನ್ನೋಣ. ಆದರೆ ಸಾವಿರ ಪುಟಗಳಲ್ಲಿ ಆ ಪದವಿದ್ದರೆ ಯಾವುದನ್ನು ಮೊದಲು ತೋರಿಸಬೇಕು? ಇಡೀ ವಿಷಯದ ಕಗ್ಗಂಟು ಇರುವುದು ಇಲ್ಲಿಯೇ.

ಎಲ್ಲ ಪದಗಳಿಗೂ ಒಂದೇ ಬೆಲೆಯಲ್ಲ. ‘ಮತ್ತು’, ‘ಅಥವಾ’ ಎಂಬ ಪದಗಳು ಎಲ್ಲ ಪುಟಗಳಲ್ಲಿಯೂ ಇರುವುದರಿಂದ ಅವುಗಳಿಂದ ಏನೂ ತಿಳಿಯದು. ‘ದೇವಸ್ಥಾನ’ ಎಂದರೆ ಸ್ವಲ್ಪ ತಿಳಿಯಿತು. ‘ಪುಲಿಯಾರ್‌ಮಲೆಯ ಅನಂತನಾಥ ಸ್ವಾಮಿ ಬಸದಿ’ ಎಂದರೆ ಕಲ್ಪೆಟ್ಟೆಯ ಬಳಿಯ ಒಂದೇ ಒಂದು ಸ್ಥಳಕ್ಕೆ ಬಂದು ನಿಂತೆವು. ವಿರಳವಾದ ಪದಕ್ಕೆ ಹೆಚ್ಚು ತೂಕ ಕೊಡಬೇಕೆಂಬ ಈ ತತ್ತ್ವವನ್ನು ಇಂಗ್ಲೆಂಡಿನ ಕರೆನ್ ಸ್ಪಾರ್ಕ್ ಜೋನ್ಸ್ ಎಂಬ ವಿದುಷಿಯು 1972ರಲ್ಲಿ, ಇಂದಿನ ಅಂತರ್ಜಾಲವು ಹುಟ್ಟುವುದಕ್ಕೆ ಬಹಳ ಮೊದಲೇ, ಗಣಿತದ ರೂಪದಲ್ಲಿ ಮುಂದಿಟ್ಟಳು. ನಮ್ಮ ಮಟ್ಟಿಗೆ ಇದರ ಅರ್ಥವಿಷ್ಟು: ‘ವಯನಾಡಿನ ಅತ್ಯುತ್ತಮ ಅಕ್ಕಿ’ ಎಂದು ಬರೆದವನಿಗಿಂತ ‘ವಯನಾಡಿನ ಗಂಧಕಸಾಲೆ ಅಕ್ಕಿ, ಹೊಸ ಬೆಳೆ’ ಎಂದು ಬರೆದವನು, ಅದನ್ನೇ ಹುಡುಕುವವನ ಕಣ್ಣಿಗೆ ಬೇಗ ಬೀಳುತ್ತಾನೆ. ಅತ್ಯುತ್ತಮ, ಅದ್ವಿತೀಯ, ಜಗತ್ಪ್ರಸಿದ್ಧ ಎಂಬ ಮಾತುಗಳನ್ನು ಯಾರೂ ಹುಡುಕುವುದಿಲ್ಲ. ನಮ್ಮ ಜನರು ಫಲಕಗಳಲ್ಲಿ ಅವುಗಳನ್ನು ಏಕೆ ಅಷ್ಟೊಂದು ಬರೆಯಿಸುವರೋ ನಾನರಿಯೆ.

ಕನ್ನಡದಲ್ಲಿ ಇನ್ನೊಂದು ತೊಡಕುಂಟು. ಎಡಕಲ್ಲು, ಎಡಕಲ್ಲಿನ, ಎಡಕಲ್ಲಿಗೆ, ಎಡಕಲ್ಲಿನಲ್ಲಿ, ಎಡಕಲ್ಲಿನಿಂದಲೂ ಎಂದು ವಿಭಕ್ತಿಪ್ರತ್ಯಯಗಳು ಸೇರಿ ಒಂದೇ ಪದವು ಹತ್ತು ವೇಷಗಳನ್ನು ಧರಿಸುತ್ತದೆ. ಅವೆಲ್ಲವೂ ಒಂದೇ ಎಂಬುದು ಐದು ವರ್ಷದ ಮಗುವಿಗೂ ಗೊತ್ತು. ಯಂತ್ರಕ್ಕೆ ಅದನ್ನು ಕಲಿಸಬೇಕಾಗಿದೆ. ಇಂಗ್ಲಿಷಿನಲ್ಲಿ ಅದು ಚೆನ್ನಾಗಿ ಕಲಿತಿದೆ, ಕನ್ನಡದಲ್ಲಿ ಅಷ್ಟು ಕಲಿತಿಲ್ಲ. ಆದಕಾರಣ ಪುಟದ ಶೀರ್ಷಿಕೆಯಲ್ಲಿ ಹೆಸರನ್ನು ಪ್ರತ್ಯಯವಿಲ್ಲದೆ, ನಿಘಂಟಿನಲ್ಲಿರುವಂತೆ, ಒಮ್ಮೆಯಾದರೂ ಬರೆಯುವುದು ಲೇಸು.

ಹೆಸರುಗಳ ವಿಷಯವನ್ನು ಇಷ್ಟಕ್ಕೇ ಬಿಡುವಂತಿಲ್ಲ. ನಮ್ಮ ಜಿಲ್ಲೆಯಷ್ಟು ಹೆಸರುಗಳ ಗೊಂದಲವಿರುವ ಜಿಲ್ಲೆಯು ಬೇರೆಲ್ಲಿಯಾದರೂ ಇದೆಯೋ ಇಲ್ಲವೋ! ಕನ್ನಡದಲ್ಲಿಯೇ ವಯನಾಡು, ವಯನಾಡ್, ವೈನಾಡು ಎಂದು ಬರೆಯುತ್ತೇವೆ. ರೋಮನ್ ಲಿಪಿಯಲ್ಲಿ ಇಂದಿನ ರೂಪವು ಒಂದಾದರೆ ಬ್ರಿಟಿಷರ ಕಾಲದ ಕಾಗದಪತ್ರಗಳಲ್ಲಿ ‘ವೈನಾಡ್’ ಎಂದು ಓದಿಸಿಕೊಳ್ಳುವ ರೂಪಗಳು ಎರಡು ಮೂರುಂಟು. ಮಾನಂತವಾಡಿಯು ಅವರ ಬಾಯಲ್ಲಿ ಮನಂಟೊಡ್ಡಿಯಾಗಿತ್ತು. ಸುಲ್ತಾನ್ ಬತ್ತೇರಿಗೆ ಗಣಪತಿವಟ್ಟವೆಂಬ ಹಳೆಯ ಹೆಸರಿದೆ. ಅಲ್ಲಿ ಹಿಂದೆ ಜೈನರ ಹನ್ನೆರಡು ಬೀದಿಗಳಿದ್ದುವೆಂದು ನಮ್ಮ ಹಿರಿಯರು ಹೇಳುವುದುಂಟು. ಮೈಸೂರಿನ ಕಡೆಗೆ ಹೋಗುವ ಹೆದ್ದಾರಿಯು ಮೊದಲು 212 ಆಗಿದ್ದದ್ದು ಈಗ 766 ಆಗಿದೆ. ನಮ್ಮ ಬಾಲಿಕೆಗೆ ಬೇಕಾಗಿದ್ದ ಮುಖ್ಯ ಸಂಗತಿಯು ಸಿಕ್ಕದೆ ಹೋದದ್ದಕ್ಕೂ ಈ ಗೊಂದಲವೇ ಒಂದು ಕಾರಣ. ಎಡಕಲ್ಲಿನ ಕೊರೆತಗಳನ್ನು 1890ರ ಸುಮಾರಿನಲ್ಲಿ ಕಂಡು, 1901ರಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಅವುಗಳ ಮೇಲೆ ಲೇಖನ ಬರೆದವನು ಮಲಬಾರಿನ ಪೊಲೀಸ್ ಅಧಿಕಾರಿಯಾಗಿದ್ದ ಫಾಸೆಟ್ ಎಂಬಾತನು. ಅವನು ಎಡಕಲ್ಲಿಗೂ ವಯನಾಡಿಗೂ ಬಳಸಿದ ಅಕ್ಷರಜೋಡಣೆಯೇ ಬೇರೆ. ಇಂದಿನ ಅಕ್ಷರಜೋಡಣೆಯಿಂದ ಹುಡುಕುವವನಿಗೂ ಆ ಹಳೆಯ ಪುಟಗಳಿಗೂ ನಡುವೆ ಸೇತುವೆ ಬೇಕು. ಆ ಸೇತುವೆ ಯಾವುದು? ಎರಡು ಹೆಸರುಗಳನ್ನೂ ಒಂದೇ ಕಡೆ ಬರೆದಿಡುವ ಒಂದು ಹೊಸ ಪುಟ. “ಮಾನಂತವಾಡಿ, ಹಳೆಯ ದಾಖಲೆಗಳಲ್ಲಿ ಮನಂಟೊಡ್ಡಿ” ಎಂದು ಒಂದು ಸಾಲು ಬರೆದರೆ ಸಾಕು, ಎರಡೂ ಕಡೆಯಿಂದ ಬರುವವರಿಗೆ ದಾರಿಯಾಯಿತು.

ಇನ್ನು ತೂಕದ ಮಾತು. 1998ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಲ್ಯಾರಿ ಪೇಜ್ ಮತ್ತು ಸೆರ್ಗೇ ಬ್ರಿನ್ ಎಂಬವರು, ಒಂದು ವಿಚಾರವನ್ನು ಪ್ರಕಟಿಸಿದರು. ಅದೇ ವರ್ಷ ಗೂಗಲ್ ಸಂಸ್ಥೆಯನ್ನೂ ಸ್ಥಾಪಿಸಿದರು. ವಿಚಾರವು ಹಳ್ಳಿಯ ಪಂಚಾಯತಿಕೆಯಂತೆ ಸರಳವಾದುದು. ವೈದ್ಯನೊಬ್ಬನು ಒಳ್ಳೆಯವನೋ ಅಲ್ಲವೋ ಎಂದು ಹೇಗೆ ತಿಳಿಯುತ್ತೇವೆ? ಅವನೇ ಹೇಳಿಕೊಂಡರೆ ನಂಬುವುದಿಲ್ಲ, ಬೇರೆಯವರು ಹೇಳಬೇಕು. ಹೇಳುವವನು ಮರ್ಯಾದಸ್ಥನಾಗಿದ್ದರೆ ಅವನ ಮಾತಿಗೆ ಬೆಲೆ ಹೆಚ್ಚು. ಕಂಡಕಂಡವರನ್ನೆಲ್ಲ ಹೊಗಳುವವನ ಮಾತಿಗೆ ಬೆಲೆ ಕಡಿಮೆ. ಒಂದು ಪುಟವು ಇನ್ನೊಂದರ ಕಡೆಗೆ ಕೊಂಡಿಯಿಡುವುದೆಂದರೆ ಅದನ್ನು ಶಿಫಾರಸು ಮಾಡಿದಂತೆಯೇ ಎಂದು ಅವರು ಭಾವಿಸಿದರು.

ಲೆಕ್ಕದಲ್ಲಿ ಆಸಕ್ತಿಯಿರುವ ಹುಡುಗರು ಹೀಗೆ ನೋಡಬಹುದು. ಒಂದು ಪುಟದ ತೂಕವು 12 ಎಂದಿಟ್ಟುಕೊಳ್ಳಿ. ಅದು ಮೂರು ಪುಟಗಳಿಗೆ ಕೊಂಡಿಯಿಟ್ಟಿದ್ದರೆ ಪ್ರತಿಯೊಂದಕ್ಕೂ 4 ಸಲ್ಲುತ್ತದೆ. ಇನ್ನೊಂದು ಪುಟದ ತೂಕವು 30. ಆದರೆ ಅದರಲ್ಲಿ 60 ಕೊಂಡಿಗಳಿವೆ. ಆಗ ಪ್ರತಿಯೊಂದಕ್ಕೂ ಸಲ್ಲುವುದು ಅರ್ಧ ಮಾತ್ರ. ದೊಡ್ಡವನ ಮನೆಯ ಜಾತ್ರೆಯ ಊಟಕ್ಕಿಂತ ಸಾಮಾನ್ಯನ ಮನೆಯ ಔತಣವೇ ಹೊಟ್ಟೆ ತುಂಬಿಸಿತು! ಆದರೆ ಆ 12, ಆ 30 ಎಲ್ಲಿಂದ ಬಂದುವು? ಅವುಗಳಿಗೂ ಬೇರೆ ಪುಟಗಳಿಂದಲೇ ಬರಬೇಕು. ಹಾಗಾದರೆ ಮೊದಲೆಲ್ಲಿ? ಜಾಣತನವಿರುವುದು ಇಲ್ಲಿ. ಎಲ್ಲ ಪುಟಗಳಿಗೂ ಮೊದಲು ಸಮನಾದ ತೂಕವನ್ನು ಕೊಟ್ಟು, ಮೇಲಿನ ಹಂಚಿಕೆಯನ್ನು ಮತ್ತೆ ಮತ್ತೆ ಮಾಡುತ್ತಾ ಹೋದರೆ, ಕೆಲವು ಸುತ್ತುಗಳ ತರುವಾಯ ಅಂಕಿಗಳು ಹೆಚ್ಚು ಬದಲಾಗದೆ ನಿಂತುಬಿಡುತ್ತವೆ. ಜೊತೆಗೆ, ಓದುಗನು ನೂರರಲ್ಲಿ 85 ಸಲ ಕೊಂಡಿಯನ್ನು ಹಿಡಿದು ಹೋಗುತ್ತಾನೆ, ಉಳಿದ 15 ಸಲ ಬೇಸತ್ತು ಎಲ್ಲಿಗೋ ಹಾರುತ್ತಾನೆ ಎಂಬ ಎಣಿಕೆಯನ್ನೂ ಅವರು ಸೇರಿಸಿದರು. ಕಾಗದದ ಮೇಲೆ ನಾಲ್ಕು ಚೌಕಗಳನ್ನು ಬರೆದು, ಬಾಣಗಳಿಂದ ಅವುಗಳನ್ನು ಸೇರಿಸಿ, ಮೊದಲು ಈ 85ರ ಎಣಿಕೆಯನ್ನು ಬಿಟ್ಟು ನೀವೇ ಮಾಡಿ ನೋಡಿ. ಒಂದು ಸಂಜೆಯ ಕೆಲಸ, ಪದಬಂಧಕ್ಕಿಂತ ರುಚಿಯಾಗಿರುತ್ತದೆ.

ಇಂದು ಈ ತೂಕವು ಅನೇಕ ಪರಿಗಣನೆಗಳಲ್ಲಿ ಒಂದು ಮಾತ್ರ. ಪುಟವು ಬೇಗ ತೆರೆಯುತ್ತದೆಯೆ, ಮೊಬೈಲಿನ ಚಿಕ್ಕ ತೆರೆಯಲ್ಲಿ ಓದಲು ಬರುತ್ತದೆಯೆ, ಹುಡುಕುವವನು ಇರುವ ಊರು ಯಾವುದು, ವಿಷಯವು ಹೊಸದೋ ಹಳೆಯದೋ, ಇವೆಲ್ಲವೂ ಸೇರುತ್ತವೆ. ಪೂರ್ಣ ಸೂತ್ರವನ್ನು ಆ ಸಂಸ್ಥೆಗಳು ಹೊರಗೆಡಹಿಲ್ಲ. ತೀರ್ಪುಗಾರನೇ ಅಂಗಡಿಯವನೂ ಆಗಿರುವಾಗ ಎಚ್ಚರವೂ ಬೇಕು: ತನ್ನ ಸ್ವಂತ ವಿಮಾನಪ್ರಯಾಣದ ಸೇವೆಯನ್ನು ಫಲಿತಾಂಶಗಳಲ್ಲಿ ಎದ್ದು ಕಾಣುವಂತೆ ಇರಿಸಿತೆಂಬುದೇ ಮೊದಲಾದ ಕಾರಣಗಳಿಗಾಗಿ ನಮ್ಮ ದೇಶದ ಸ್ಪರ್ಧಾ ಆಯೋಗವು 2018ರ ಫೆಬ್ರವರಿಯಲ್ಲಿ ಗೂಗಲ್ಲಿಗೆ ಸುಮಾರು 136 ಕೋಟಿ ರೂಪಾಯಿಗಳ ದಂಡವನ್ನು ವಿಧಿಸಿತು. ಮಕ್ಕಳು ಮುಖ್ಯವಾಗಿ ನೆನಪಿಡಬೇಕಾದುದು, ಮೊದಲು ಬಂದದ್ದು ನಿಜವೆಂದು ಯಂತ್ರವು ಎಲ್ಲಿಯೂ ಹೇಳುವುದಿಲ್ಲ ಎಂಬುದನ್ನು. ಹೆಚ್ಚು ಜನರು ಅತ್ತ ಬೆರಳು ತೋರಿಸಿದ್ದಾರೆ, ನೀನು ಬರೆದ ಪದಗಳಿಗೆ ಅದು ಹತ್ತಿರವಾಗಿದೆ ಎಂದಷ್ಟೇ ಅದರ ಮಾತು.

ಈಗ ಬಾಲಿಕೆಯ ಪ್ರಶ್ನೆಗೆ ಬರೋಣ. ಅವಳು ಬರೆದ ‘ಎಡಕಲ್ಲು ಗುಡ್ಡ’ ಎಂಬ ಎರಡು ಪದಗಳು ಚಿತ್ರದ ಹೆಸರಿನಲ್ಲಿ ಹೆಚ್ಚುಕಡಿಮೆ ಹಾಗೆಯೇ ಇವೆ. ಆ ಚಿತ್ರವನ್ನು ಮೆಚ್ಚಿದ ಕನ್ನಡಿಗರು ಅದರ ವಿಷಯವಾಗಿ ಕನ್ನಡದಲ್ಲಿಯೇ ಬರೆದಿದ್ದಾರೆ. ಒಬ್ಬರು ಇನ್ನೊಬ್ಬರ ಬರಹಕ್ಕೆ ಕೊಂಡಿಯಿಟ್ಟಿದ್ದಾರೆ. ಗುಹೆಯ ವಿಷಯವಾಗಿ ಬರೆದವರು ಇಂಗ್ಲಿಷಿನಲ್ಲಿಯೂ ಮಲಯಾಳದಲ್ಲಿಯೂ ಬರೆದಿದ್ದಾರೆ. ಅವರು ‘ಗುಹೆ’ ಎಂಬರ್ಥದ ಪದವನ್ನು ಬಳಸಿದ್ದಾರೆಯೇ ಹೊರತು ‘ಗುಡ್ಡ’ವೆಂದಿಲ್ಲ. ಕನ್ನಡದಲ್ಲಿ ಗುಹೆಯನ್ನು ಕುರಿತು ನೆಟ್ಟಗೆ ನಾಲ್ಕು ಪುಟಗಳಿಲ್ಲ. ಇಲ್ಲದ್ದನ್ನು ಯಂತ್ರವು ಎಲ್ಲಿಂದ ತಂದೀತು? 2024ರಿಂದೀಚೆಗೆ ಅನೇಕ ಪ್ರಶ್ನೆಗಳಿಗೆ ಪಟ್ಟಿಯ ಮೇಲ್ಗಡೆ ಯಂತ್ರವೇ ರಚಿಸಿದ ಉತ್ತರವೊಂದು ಬರುತ್ತಿದೆಯಷ್ಟೆ. ಅದು ಕೂಡ ಇರುವ ಪುಟಗಳನ್ನೇ ಆಧರಿಸಿ ಹೊಸೆದದ್ದು. ನಾವು ಬರೆಯದಿದ್ದರೆ ನಮ್ಮ ಊರಿನ ಸಂಗತಿಯನ್ನು ನಮ್ಮ ಮಕ್ಕಳು ಊರನ್ನು ಕಾಣದವರ ಮಾತಿನಲ್ಲಿ ಓದಬೇಕಾಗುತ್ತದೆ.

ಬರೆದಿಲ್ಲವೆಂದು ಸುಮ್ಮನೆ ಹೇಳಿದರೆ ಅನ್ಯಾಯವಾದೀತು. ಬರೆದಿದ್ದೇವೆ, ಆದರೆ ಯಂತ್ರವು ಓದಲಾರದ ಹಾಗೆ ಬರೆದಿದ್ದೇವೆ. ಇದು ಕನ್ನಡಕ್ಕೆ ಒದಗಿದ ವಿಶೇಷ ಸಂಕಟ. ಗಣಕಯಂತ್ರವು ಅಕ್ಷರವನ್ನು ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. ಲೋಕದ ಲಿಪಿಗಳಿಗೆಲ್ಲ ಒಂದೇ ಸಂಖ್ಯಾಕ್ರಮವನ್ನು ಗೊತ್ತುಪಡಿಸುವ ಯೂನಿಕೋಡ್ ಎಂಬ ಏರ್ಪಾಡು 1991ರಲ್ಲಿ ಪ್ರಕಟವಾದಾಗ ಅದರಲ್ಲಿ ಕನ್ನಡವೂ ಇದ್ದಿತು. ಆದರೆ ನಮ್ಮ ಅಚ್ಚುಕೂಟಗಳೂ ಕಚೇರಿಗಳೂ ಬಹುಕಾಲ ಬೇರೆ ದಾರಿಯನ್ನು ಹಿಡಿದುವು. ರೋಮನ್ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳ ಮೇಲೆ ಕನ್ನಡದ ಆಕಾರಗಳನ್ನು ಹೊದಿಸಿ ಫಾಂಟುಗಳನ್ನು ತಯಾರಿಸಿದರು. ಕಣ್ಣಿಗೆ ಅದು ಶುದ್ಧ ಕನ್ನಡ. ಯಂತ್ರಕ್ಕೆ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ನುಡಿ ಎಂಬ ತಂತ್ರಾಂಶದ ಹಳೆಯ ಬಗೆಯಲ್ಲಿ ‘ಕನ್ನಡ’ ಎಂದು ಬೆರಳಚ್ಚಿಸಿದರೆ ಒಳಗೆ ಕುಳಿತಿರುವುದು ಇಂಗ್ಲೆಂಡಿನ ಪೌಂಡ್ ನಾಣ್ಯದ ಗುರುತು ನಡುವೆ ಸೇರಿದ ಒಂದು ವಿಚಿತ್ರ ಸಾಲು! ಅಂತಹ ಕಡತವನ್ನು ಹಾಗೆಯೇ ಜಾಲತಾಣಕ್ಕೆ ಏರಿಸಿದರೆ ‘ಕನ್ನಡ’ ಎಂದು ಹುಡುಕಿದವನಿಗೆ ಅದು ಎಂದೆಂದಿಗೂ ಸಿಕ್ಕದು.

ನಮ್ಮ ಸಂಘದ ತಾಣದಲ್ಲಿಯೂ ಇದೇ ಆಗಿತ್ತೆಂದು ಒಪ್ಪಿಕೊಳ್ಳಬೇಕು, ತಪ್ಪು ನನ್ನದೇ. ವಾರ್ಷಿಕ ಸಂಚಿಕೆಯ ಹಳೆಯ ಪುಟಗಳನ್ನು ಛಾಯಾಚಿತ್ರ ತೆಗೆದು, ಒಂದೊಂದಾಗಿ ಏರಿಸಿ, ಮಹತ್ಕಾರ್ಯವನ್ನು ಸಾಧಿಸಿದೆನೆಂದು ಹಿಗ್ಗಿದ್ದೆನು. ಬಸದಿಗಳ ವಿಷಯ, ಗೌಡರ ಮನೆತನಗಳ ವಿಷಯ, ಬಾವಲಿಯ ದಾರಿಯಲ್ಲಿ ಎತ್ತಿನ ಗಾಡಿಗಳು ಮೆಣಸು ಹೊತ್ತು ಮೈಸೂರಿಗೆ ಹೋಗುತ್ತಿದ್ದ ಕಾಲದ ನೆನಪುಗಳು, ಎಲ್ಲವೂ ಅವುಗಳಲ್ಲಿವೆ. ಆದರೆ ಯಂತ್ರಕ್ಕೆ ಛಾಯಾಚಿತ್ರವು ಚಿತ್ರವೇ ಸರಿ. ಚಿತ್ರದಿಂದ ಅಕ್ಷರವನ್ನು ಗುರುತಿಸುವ ವಿದ್ಯೆಯೂ ಈಗ ಬಂದಿದೆ. ಅಚ್ಚು ಸ್ಪಷ್ಟವಿದ್ದರೆ ಬಹುಮಟ್ಟಿಗೆ ಸರಿಯಾಗಿ ಓದುತ್ತದೆ, ಒತ್ತಕ್ಷರಗಳು ಮಸುಕಾಗಿದ್ದರೆ ತಪ್ಪುತ್ತದೆ. ಅದು ಓದಿ ಕೊಟ್ಟದ್ದನ್ನು ಮನುಷ್ಯರು ಕುಳಿತು ತಿದ್ದಲೇಬೇಕು. ಹಳೆಯ ಫಾಂಟಿನ ಕಡತಗಳಿಗಾದರೆ ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ. ಚಿತ್ರವನ್ನೇ ಹಾಕುವುದು ಅನಿವಾರ್ಯವಾದಾಗ ಅದರೊಡನೆ ಎರಡು ಸಾಲಿನ ವಿವರಣೆಯನ್ನು ಅಕ್ಷರಗಳಲ್ಲಿ ಬರೆಯಬೇಕು. ಯಂತ್ರಕ್ಕೆ ಮಾತ್ರವಲ್ಲ, ಕಣ್ಣು ಕಾಣದವರಿಗೆ ಪುಟವನ್ನು ಓದಿ ಹೇಳುವ ಸಾಧನಗಳಿಗೂ ಅದೇ ಆಧಾರ.

ಇಷ್ಟು ನಿಧಾನದ ಕೆಲಸಕ್ಕೆ ತಾಳ್ಮೆಯಿಲ್ಲದವರಿಗಾಗಿ ಅಡ್ಡದಾರಿಗಳನ್ನು ಮಾರುವವರು ಬೇಕಾದಷ್ಟು ಜನರಿದ್ದಾರೆ. ನನ್ನ ಬಂಧುಗಳೊಬ್ಬರು ಮಾನಂತವಾಡಿಯ ಕಡೆ ತಮ್ಮ ಕಾಫಿತೋಟದ ಮನೆಯಲ್ಲಿ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಬಿಟ್ಟುಕೊಡುತ್ತಾರೆ. ಕೋಣೆಗಳನ್ನು ಕಾದಿರಿಸುವ ದೊಡ್ಡ ತಾಣಗಳು ಬಾಡಿಗೆಯಲ್ಲಿ ಒಂದು ಪಾಲನ್ನು ಕಳೆಯುವುದರಿಂದ ನೇರವಾಗಿ ಬರುವ ಅತಿಥಿಯು ಅವರಿಗೆ ದೇವರೇ ಸರಿ. ಒಬ್ಬ ತರುಣನು ಬಂದು ಮೂರು ತಿಂಗಳಲ್ಲಿ ಅವರ ತಾಣವನ್ನು ಮೊದಲನೆಯ ಸ್ಥಾನಕ್ಕೆ ಏರಿಸುವುದಾಗಿ ಭರವಸೆ ಕೊಟ್ಟು ಹದಿನೆಂಟು ಸಾವಿರ ರೂಪಾಯಿಗಳನ್ನು ಪಡೆದನು. ಅವನು ಮಾಡಿದ್ದೇನೆಂದರೆ ಪುಟದ ಕೆಳಗೆ ‘ವಯನಾಡು ಹೋಂಸ್ಟೇ’ ಎಂಬುದನ್ನು ಬಿಳಿಯ ಹಿನ್ನೆಲೆಯ ಮೇಲೆ ಬಿಳಿಯ ಅಕ್ಷರಗಳಲ್ಲಿ ಇನ್ನೂರು ಸಲ ಬರೆದದ್ದು ಮತ್ತು ಎಲ್ಲಿಯದೋ ಔಷಧದಂಗಡಿಗಳ, ಜೂಜಿನ ತಾಣಗಳ ಪುಟಗಳಿಂದ ಕೊಂಡಿಗಳನ್ನು ಕ್ರಯಕ್ಕೆ ಕೊಂಡದ್ದು. ಮನುಷ್ಯನಿಗೆ ಕಾಣದೆ ಯಂತ್ರಕ್ಕೆ ಮಾತ್ರ ಕಾಣುವ ಈ ಬರಹವು ಬಹಳ ಹಳೆಯ ವಂಚನೆ. ಯಂತ್ರಗಳು ಅದನ್ನು ಹಿಡಿಯಲು ಕಲಿತು ವರ್ಷಗಳೇ ಆದುವು. ಕೆಲವು ವಾರಗಳಲ್ಲಿ ಆ ತಾಣವು ಪಟ್ಟಿಯಿಂದಲೇ ಮಾಯವಾಯಿತು; ತರುಣನೂ ಮಾಯವಾದನು.

ದೊಡ್ಡವರೂ ಈ ಗುಂಡಿಗೆ ಬಿದ್ದದ್ದುಂಟು. 2006ರ ಫೆಬ್ರವರಿಯಲ್ಲಿ ಜರ್ಮನಿಯ ಪ್ರಖ್ಯಾತ ಮೋಟಾರು ಕಂಪೆನಿಯಾದ ಬಿ.ಎಂ.ಡಬ್ಲ್ಯೂ.ವಿನ ಜರ್ಮನ್ ತಾಣವನ್ನು ಗೂಗಲ್ ತನ್ನ ಸೂಚಿಯಿಂದ ತೆಗೆದುಹಾಕಿತು. ಯಂತ್ರಕ್ಕೆ ಒಂದು ಪುಟ, ಓದುಗನಿಗೆ ಇನ್ನೊಂದು ಪುಟ ತೋರಿಸುತ್ತಿದ್ದುದು ಅದರ ಅಪರಾಧ. ತಿದ್ದಿಕೊಂಡ ಮೇಲೆ ಮತ್ತೆ ಸೇರಿಸಿಕೊಂಡರು. 2011ರಲ್ಲಿಯೂ 2012ರಲ್ಲಿಯೂ ಗೂಗಲ್ ತನ್ನ ಲೆಕ್ಕವನ್ನು ಬಿಗಿಗೊಳಿಸಿ, ಹುರುಳಿಲ್ಲದ ಬರಹವನ್ನು ರಾಶಿಹಾಕಿದ ತಾಣಗಳನ್ನೂ ಕೊಂಡಿಗಳನ್ನು ಕೊಂಡ ತಾಣಗಳನ್ನೂ ಕೆಳಕ್ಕೆ ತಳ್ಳಿತು. ಮೊದಲನೆಯ ಸ್ಥಾನವನ್ನು ಖಂಡಿತವಾಗಿ ಕೊಡಿಸುತ್ತೇನೆಂದು ಯಾರಾದರೂ ಹೇಳಿದರೆ, ಆ ಅಧಿಕಾರವು ಅವರ ಕೈಯಲ್ಲಿಲ್ಲವೆಂದು ತಿಳಿಯಿರಿ. ಹಣಕೊಟ್ಟು ಪಡೆಯಬಹುದಾದ ಸ್ಥಳವೊಂದಿದೆ ನಿಜ. ಅದು ಜಾಹೀರಾತಿನದು, ಅದರ ಮೇಲೆ ‘ಪ್ರಾಯೋಜಿತ’ ಎಂಬ ಗುರುತಿರುತ್ತದೆ. ಸಹಜವಾದ ಪಟ್ಟಿಯಲ್ಲಿ ಸ್ಥಾನವು ಕ್ರಯಕ್ಕಿಲ್ಲ.

ಆ ಬಂಧುಗಳು ತರುವಾಯ ಏನು ಮಾಡಿದರೆಂದು ಹೇಳಿದರೆ ಇತರರಿಗೂ ಉಪಯೋಗವಾದೀತು. ಗುಪ್ತ ಬರಹವನ್ನೆಲ್ಲ ಅಳಿಸಿದರು. ಗೂಗಲ್ ಸರ್ಚ್ ಕನ್ಸೋಲ್ ಎಂಬ ಉಚಿತ ಸಾಧನದಲ್ಲಿ ತಮ್ಮ ತಾಣವನ್ನು ನೋಂದಾಯಿಸಿ, ಮರುಪರಿಶೀಲನೆಗೆ ಅರಿಕೆ ಮಾಡಿಕೊಂಡರು. ಜನರು ಯಾವ ಪದಗಳನ್ನು ಬರೆದು ತಮ್ಮಲ್ಲಿಗೆ ಬರುತ್ತಾರೆಂಬುದನ್ನೂ ಅದು ತೋರಿಸುತ್ತದೆ. ಮನೆಯನ್ನು ನಕ್ಷೆಯ ಮೇಲೆ ಸರಿಯಾದ ಹೆಸರು, ವಿಳಾಸ, ಬಾಗಿಲು ತೆರೆದಿರುವ ವೇಳೆಗಳೊಡನೆ ಗುರುತಿಸಿದರು, ಇದಕ್ಕೂ ಹಣವಿಲ್ಲ. ಬಳಿಕ, ಅತಿಥಿಗಳು ಫೋನಿನಲ್ಲಿ ಕೇಳುತ್ತಿದ್ದ ಪ್ರಶ್ನೆಗಳನ್ನೇ ಒಂದು ನೋಟುಬುಕ್ಕಿನಲ್ಲಿ ಬರೆದುಕೊಂಡು ಅವುಗಳಿಗೆ ಉತ್ತರವಾಗಿ ಪುಟಗಳನ್ನು ಬರೆದರು. ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬಂದ ಪ್ರಶ್ನೆಯು ಮೈಸೂರು, ಬೆಂಗಳೂರುಗಳಿಂದ ಬರುವವರದು: ಗುಂಡ್ಲುಪೇಟೆಯ ದಾರಿಯಲ್ಲಿ ರಾತ್ರಿ ಬರಬಹುದೆ? ಬಂಡೀಪುರದ ಕಾಡಿನೊಳಗೆ ರಾತ್ರಿ 9ರಿಂದ ಬೆಳಗಿನ 6ರ ವರೆಗೆ ಸಾಮಾನ್ಯ ವಾಹನಗಳನ್ನು ನಿಷೇಧಿಸಿರುವುದು 2009ರಿಂದಲೂ ನಡೆದುಬಂದಿದೆ. ಸಂಜೆ ಎಷ್ಟು ಗಂಟೆಗೆ ಮೈಸೂರನ್ನು ಬಿಟ್ಟರೆ ಮುತ್ತಂಗೆಯನ್ನು ಸಕಾಲದಲ್ಲಿ ದಾಟಬಹುದು, ತಡವಾದರೆ ಏನು ಮಾಡಬೇಕು ಎಂಬುದನ್ನು ದಿನಾಂಕದೊಡನೆ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದಿಟ್ಟರು. ಅವರ ತಾಣದಲ್ಲಿ ಇಂದು ಹೆಚ್ಚು ಜನರು ಓದುವ ಪುಟವು ಕೋಣೆಗಳದ್ದಲ್ಲ, ಆ ದಾರಿಯದು. ಪ್ರವಾಸಿಗರು ತಾವಾಗಿಯೇ ಅದನ್ನು ಒಬ್ಬರಿಗೊಬ್ಬರು ಕಳುಹಿಸುತ್ತಾರೆ. ಕೊಂಡುಕೊಳ್ಳದೆ ಬಂದ ಕೊಂಡಿಗಳು ಅವು.

ದಿನಾಂಕದ ಬೆಲೆಯನ್ನು ನಾವು ಕಹಿಯಾದ ರೀತಿಯಲ್ಲಿಯೂ ಕಲಿತೆವು. 2024ನೆಯ ಜುಲೈ 30ರ ನಸುಕಿನಲ್ಲಿ ಮೇಪ್ಪಾಡಿ ಪಂಚಾಯತಿಯ ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಬೆಟ್ಟವೇ ಕುಸಿದು ಬಂದು ಇನ್ನೂರೈವತ್ತಕ್ಕೂ ಹೆಚ್ಚು ಜನರು ಮಡಿದರು. ಆ ದಿನಗಳಲ್ಲಿ ‘ವಯನಾಡು’ ಎಂದು ಹುಡುಕಿದವರಿಗೆ ಆ ದುರಂತದ ಸುದ್ದಿಯೇ ಮೊದಲು ಬಂದಿತು, ಬರಬೇಕಾದುದೂ ಅದೇ. ಹೊಸ ಸಂಗತಿಗೆ ಯಂತ್ರವು ಮುಂದಿನ ಸ್ಥಾನ ಕೊಡದೆ ಇದ್ದಿದ್ದರೆ ಬಂಧುಗಳನ್ನು ಅರಸುತ್ತಿದ್ದವರ ಗತಿಯೇನಾಗುತ್ತಿತ್ತು? ಆದರೆ ತಿಂಗಳುಗಳು ಕಳೆದ ಮೇಲೂ, ಲೋಕದ ಪತ್ರಿಕೆಗಳೆಲ್ಲ ಬರೆದು ಕೊಂಡಿಯಿಟ್ಟ ಆ ಪುಟಗಳ ತೂಕವು ಕರಗಲಿಲ್ಲ. ದೂರದ ತಿರುನೆಲ್ಲಿಯಲ್ಲಿ ಚಹದಂಗಡಿ ಇಟ್ಟವನಿಗೂ, ಬತ್ತೇರಿಯಲ್ಲಿ ಜೀಪು ಓಡಿಸುವವನಿಗೂ ಜನರಿಲ್ಲದಂತಾಯಿತು. ಜಿಲ್ಲೆಯ ಹೆಸರು ಒಂದೇ ಆದುದರಿಂದ ಹೊರಗಿನವನಿಗೆ ಜಿಲ್ಲೆಯೆಲ್ಲವೂ ಮಣ್ಣಿನಡಿ ಹೋದಂತೆ ಕಂಡಿತು. ಆಗ ನೆರವಾದದ್ದು ಜಾಹೀರಾತುಗಳಿಗಿಂತ ಮಿಗಿಲಾಗಿ, ಸ್ಥಳದ ಹೆಸರನ್ನೂ ತಾರೀಖನ್ನೂ ಸ್ಪಷ್ಟವಾಗಿ ಬರೆದು, ಯಾವ ದಾರಿ ತೆರೆದಿದೆ, ಯಾವುದು ಮುಚ್ಚಿದೆ ಎಂದು ಉಳ್ಳದ್ದನ್ನು ಉಳ್ಳಂತೆ ಹೇಳಿದ ಸಣ್ಣ ಸಣ್ಣ ಪುಟಗಳು. ದುರಂತವನ್ನು ಮರೆಮಾಚಿ ‘ಎಲ್ಲವೂ ಸುಂದರ’ ಎಂದು ಬರೆದವರನ್ನು ಓದುಗರೇ ನಂಬಲಿಲ್ಲ.

ಬಾಲಿಕೆಯ ಪ್ರಬಂಧದ ಕಥೆಯನ್ನು ಅರ್ಧಕ್ಕೆ ಬಿಟ್ಟಿದ್ದೇನೆ. ಹುಡುಕುವ ಪದಗಳನ್ನು ಬದಲಿಸಿ, ಹಳೆಯ ಅಕ್ಷರಜೋಡಣೆಯಿಂದ ಹುಡುಕಿದ ಮೇಲೆ ಫಾಸೆಟ್ಟನ ಲೇಖನವು ಅವಳಿಗೆ ದೊರೆಯಿತು. ಇಂಗ್ಲಿಷ್ ಅಧ್ಯಾಪಕರ ಸಹಾಯದಿಂದ ಅದನ್ನು ಓದಿಕೊಂಡು, ತಾನು ಕಂಡದ್ದನ್ನೂ ಸೇರಿಸಿ, ಆರು ಪುಟಗಳ ಪ್ರಬಂಧವನ್ನು ಬರೆದಳು. ಎಡೆಯಲ್ಲಿ ಸಿಕ್ಕಿದ ಕಲ್ಲಾದುದರಿಂದ ಎಡಕಲ್ಲು ಎಂಬ ಹೆಸರಾಯಿತೆಂಬುದನ್ನೂ, ಅದು ನಿಜವಾಗಿ ಗುಹೆಯಲ್ಲ, ಬಂಡೆಯ ಬಿರುಕೆಂಬುದನ್ನೂ ಚೆನ್ನಾಗಿ ವಿವರಿಸಿದ್ದಾಳೆ. ಅದನ್ನು ಯೂನಿಕೋಡಿನಲ್ಲಿ ಬೆರಳಚ್ಚಿಸಿ ಸಂಘದ ತಾಣದಲ್ಲಿ ಹಾಕಿದೆವು. ಶೀರ್ಷಿಕೆಯನ್ನು ಅವಳೇ ಆರಿಸಿದಳು: ‘ಎಡಕಲ್ಲು ಗುಹೆ, ಅಂಬಲವಯಲ್, ವಯನಾಡು: ನಾನು ಕಂಡಂತೆ’. ನೆರೆಯ ಎರಡು ಶಾಲೆಗಳವರು ಓದಿ ಮೆಚ್ಚಿ ತಮ್ಮ ತಾಣಗಳಿಂದ ಅದಕ್ಕೆ ಕೊಂಡಿಯಿಟ್ಟಿದ್ದಾರೆ.

ಹಳೆಯ ಸಂಚಿಕೆಗಳ ಪೈಕಿ ಮೂರನ್ನು ಒಂಬತ್ತನೆಯ ತರಗತಿಯವರು ಈಗಾಗಲೇ ಅಕ್ಷರಕ್ಕೆ ತಂದಿದ್ದಾರೆ. ಮನೆಯಲ್ಲಿ ಹಳೆಯ ಸಂಚಿಕೆಗಳನ್ನು ಜೋಪಾನ ಮಾಡಿಟ್ಟಿರುವ ಪೋಷಕರು ಅವುಗಳನ್ನು ಕೆಲವು ದಿನಗಳ ಮಟ್ಟಿಗೆ ಕೊಟ್ಟರೆ ಉಪಕಾರವಾದೀತು; ಪ್ರತಿಯನ್ನು ಹಾಳುಮಾಡದೆ ಹಿಂದಿರುಗಿಸುವ ಹೊಣೆ ನನ್ನದು. ತಿದ್ದುವ ಕೆಲಸಕ್ಕೆ ಹಿರಿಯರ ಕಣ್ಣೂ ಬೇಕಾಗಿದೆ, ಏಕೆಂದರೆ ಹಳೆಯ ಮನೆತನಗಳ, ಹೊಲಗಳ ಹೆಸರುಗಳು ಮಕ್ಕಳಿಗೆ ತಿಳಿಯವು, ಯಂತ್ರಕ್ಕಂತೂ ತಿಳಿಯವೇ ತಿಳಿಯವು.

ಈ ಲೇಖನವನ್ನು ಅಚ್ಚಿಗೆ ಕೊಡುವ ಮುನ್ನಾದಿನ ‘ಎಡಕಲ್ಲು ಗುಹೆ ಅಂಬಲವಯಲ್’ ಎಂದು ಹುಡುಕಿ ನೋಡಿದೆನು. ಬಾಲಿಕೆಯ ಪ್ರಬಂಧವು ಮೊದಲ ಪುಟದಲ್ಲಿ ನಾಲ್ಕನೆಯದಾಗಿ ಬಂದಿತು. ‘ಎಡಕಲ್ಲು ಗುಡ್ಡ’ ಎಂದು ಹುಡುಕಿದರೆ ಈಗಲೂ ಹಾಡುಗಳೇ ಮೊದಲು.